ದುಡ್ಡು ಕೊಟ್ಟರೆ ಮಾಳಿಗೆ ಮನೆ ಸಿಗುತ್ತದೆಯೇ?

ಕನ್ನಡದ ಅಂತರ್ಜಾಲ ಪತ್ರಿಕೆಗಳನ್ನು ಈಚೆಗೆ ಓದುತ್ತಿರುವವರಿಗೆಲ್ಲ ಒಬ್ಬ ಹೆಣ್ಣುಮಗಳ ಪರಿಚಯ ಇದ್ದೇ ಇರುತ್ತದೆ. ಕಥೆ ಸಿಂದಗಿಯದಾಗಲಿ, ಸಾಗರದ್ದಾಗಲಿ, ಮಳವಳ್ಳಿಯದಾಗಲಿ, ಆಕೆ ಬಂದು ನಿಲ್ಲುತ್ತಾಳೆ. ಸೊಂಟದ ಮೇಲೆ ಕೊಡ, ಹಿಂದೆ ಹೊಂಬಣ್ಣದ ಸಂಜೆ, ದೂರದಲ್ಲಿ ಹಂಚಿನ ಮನೆ, ಮನೆಯ ಪಕ್ಕಕ್ಕೊಂದು ತೆಂಗಿನ ಮರ. ಮುಖದಲ್ಲಿ ಒಂದು ಸುಕ್ಕಿಲ್ಲ, ಸೀರೆಯಲ್ಲಿ ಒಂದು ಮಡಿಕೆ ತಪ್ಪಿಲ್ಲ. ಯಾವ ಕಥೆಗಾರನೂ ಆಕೆಯನ್ನು ಬರೆದಿಲ್ಲ. ಆದರೂ ಕಥೆಯ ಮೊದಲ ಸಾಲಿಗಿಂತ ಮುಂಚೆ ನಮ್ಮ ಕಣ್ಣಿಗೆ ಬೀಳುವವಳು ಆಕೆಯೇ. ಚಿತ್ರ ಬರೆಯುವ ಎಐ ಸಾಧನಗಳು ನಮ್ಮ ಸಾಹಿತ್ಯಕ್ಕೆ ಕೊಟ್ಟ ಮೊದಲ ಪಾತ್ರ ಇದು.

ಪುಣೆಯಲ್ಲಿ ಕೂತು ಬಿಡುವಿನ ವೇಳೆಯಲ್ಲಿ ಪತ್ರಿಕೆ ನಡೆಸುವ ನಮ್ಮಂಥವರ ನಡುವೆ ಈಗ ಏಳುವ ಪ್ರಶ್ನೆ ಬೇರೆ. ಉಚಿತ ಸಾಧನವೇ ಸಾಕೋ, ತಿಂಗಳ ಚಂದಾ ಕಟ್ಟಿ ಪ್ರೀಮಿಯಂ ತೆಗೆದುಕೊಳ್ಳಬೇಕೋ? ಪ್ರಶ್ನೆ ಬರೀ ಖರ್ಚಿನದು ಎಂಬಂತೆ ಕೇಳುತ್ತದೆ. ಆದರೆ ಇದಕ್ಕೆ ಉತ್ತರಿಸುವ ಮೊದಲು, ಆ ಹೆಣ್ಣುಮಗಳು ಉಚಿತದಲ್ಲಿ ಮಾತ್ರ ಬರುತ್ತಾಳೋ, ದುಡ್ಡು ಕೊಟ್ಟರೂ ಬರುತ್ತಾಳೋ ಎಂದು ನೋಡುವುದು ವಿಮರ್ಶೆಯ ಕೆಲಸ.

ಮೊದಲು ಲೆಕ್ಕ ನೋಡೋಣ. ಭಾರತದಲ್ಲಿ ಚಾಟ್‌ಜಿಪಿಟಿ ಪ್ಲಸ್‌ನ ಚಂದಾ ತಿಂಗಳಿಗೆ 1,999 ರೂಪಾಯಿ ಇದ್ದಾಗ, 2025ರ ಆಗಸ್ಟ್‌ನಲ್ಲಿ 399 ರೂಪಾಯಿಯ 'ಗೋ' ಯೋಜನೆ ಬಂತು. ನವೆಂಬರ್‌ನಲ್ಲಿ ಅದನ್ನೇ ಭಾರತೀಯರಿಗೆ ಒಂದು ವರ್ಷ ಉಚಿತ ಎಂದರು. ಜಿಯೋ ಗ್ರಾಹಕರಿಗೆ ಗೂಗಲ್ ತನ್ನ ಎಐ ಪ್ರೊ ಯೋಜನೆಯನ್ನು 18 ತಿಂಗಳು ಪುಕ್ಕಟೆ ಕೊಡುವ ಘೋಷಣೆಯೂ ಅದೇ ಹೊತ್ತಿನದು. ಇನ್ನೊಂದು ಕಡೆ ಮಿಡ್‌ಜರ್ನಿ 2023ರಲ್ಲೇ ಉಚಿತ ಪ್ರಯೋಗ ನಿಲ್ಲಿಸಿ ತಿಂಗಳಿಗೆ 10 ಡಾಲರ್‌ನಿಂದ ಶುರುವಾಗುವ ಚಂದಾ ಇಟ್ಟಿತು. ಅಂದರೆ ನಮ್ಮ ದೇಶದಲ್ಲಿ 'ಬೇಸಿಕ್' ಮತ್ತು 'ಪ್ರೀಮಿಯಂ' ನಡುವಿನ ಗೆರೆ ಸ್ಥಿರವಾಗಿಲ್ಲ. ಇವತ್ತು ಪುಕ್ಕಟೆ ಸಿಕ್ಕ ರುಚಿಗೆ ನಾಳೆ ಬಿಲ್ಲು ಬರುತ್ತದೆ. 2025ರ ಮಾರ್ಚ್‌ನಲ್ಲಿ ಎಲ್ಲರೂ ತಮ್ಮ ಮದುವೆಯ ಫೋಟೋಗಳನ್ನು ಜಪಾನಿನ ಜಿಬ್ಲಿ ಶೈಲಿಗೆ ತಿರುಗಿಸಿಕೊಂಡದ್ದು ನೆನಪಿರಬಹುದು. ಆ ಸೌಲಭ್ಯ ಮೊದಲು ದುಡ್ಡು ಕೊಟ್ಟವರಿಗೆ ಬಂತು, ಕೆಲವು ದಿನಗಳ ನಂತರ ಉಳಿದವರಿಗೆ. ಪ್ರೀಮಿಯಂ ಎಂದರೆ ಎಷ್ಟೋ ಸಲ ಸರದಿಯಲ್ಲಿ ಮುಂದೆ ನಿಲ್ಲುವ ಹಕ್ಕು, ಅಷ್ಟೇ.

ಇನ್ನೂ ಏನೇನು ಸಿಗುತ್ತದೆ? ದಿನಕ್ಕೆ ಹೆಚ್ಚು ಚಿತ್ರಗಳು, ಮುದ್ರಣಕ್ಕೆ ಒದಗುವಷ್ಟು ದೊಡ್ಡ ಅಳತೆ, ಒಂದು ಭಾಗವನ್ನಷ್ಟೇ ತಿದ್ದುವ ಸೌಕರ್ಯ, ಮಾದರಿಗಾಗಿ ಹಲವು ಫೋಟೋಗಳನ್ನು ಕೊಡುವ ಅವಕಾಶ. ಗುಟ್ಟಿಗೂ ಬೆಲೆಯಿದೆ. ಮಿಡ್‌ಜರ್ನಿಯಲ್ಲಿ ಮಾಡಿದ ಚಿತ್ರ ಎಲ್ಲರಿಗೂ ಕಾಣುವುದೇ ವಾಡಿಕೆ, ಬಚ್ಚಿಡಬೇಕೆಂದರೆ ಅದರ ದುಬಾರಿ ಯೋಜನೆಗಳಿಗೇ ಹೋಗಬೇಕು. ಅಚ್ಚಾಗದ ಕಾದಂಬರಿಗೆ ಮುಖಪುಟ ಮಾಡಿಸುವವರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಇವೆಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚುವ ವಿವರ ಇನ್ನೊಂದು. 2025ರ ನವೆಂಬರ್‌ನಲ್ಲಿ ನ್ಯಾನೋ ಬನಾನಾ ಪ್ರೊ ಬಿಡುಗಡೆ ಮಾಡುವಾಗ ಗೂಗಲ್ ಹೇಳಿದ್ದು ಇಷ್ಟು: ಉಚಿತ ಬಳಕೆದಾರರ ಮತ್ತು ಪ್ರೊ ಚಂದಾದಾರರ ಚಿತ್ರಗಳ ಮೇಲೆ ಕಣ್ಣಿಗೆ ಕಾಣುವ ಎಐ ಗುರುತು ಇರುತ್ತದೆ, ಅತಿ ದುಬಾರಿಯಾದ ಅಲ್ಟ್ರಾ ಚಂದಾದಾರರ ಚಿತ್ರಗಳಲ್ಲಿ ಅದನ್ನು ತೆಗೆಯಲಾಗುತ್ತದೆ. ಕಣ್ಣಿಗೆ ಕಾಣದ ಡಿಜಿಟಲ್ ಗುರುತು ಒಳಗೆ ಉಳಿಯುತ್ತದೆ, ನಿಜ. ಆದರೆ ಓದುಗನಿಗೆ ಕಾಣುವುದು ಹೊರಗಿನದು ತಾನೇ? ಹೆಚ್ಚು ದುಡ್ಡು ಕೊಟ್ಟವನಿಗೆ ಸಿಗುವ ಸವಲತ್ತುಗಳಲ್ಲಿ, ಇದನ್ನು ಯಂತ್ರ ಮಾಡಿದೆ ಎಂದು ಹೊರನೋಟಕ್ಕೆ ತೋರಿಸದಿರುವುದೂ ಒಂದು. ಬಡವನ ಚಿತ್ರಕ್ಕೆ ಮುದ್ರೆ, ಉಳ್ಳವನ ಚಿತ್ರಕ್ಕೆ ಮರ್ಯಾದೆ. ಸಾಹಿತ್ಯ ಪತ್ರಿಕೆಯೊಂದು ಈ ಸವಲತ್ತಿಗೆ ಹಣ ಕಟ್ಟಬೇಕೇ ಎನ್ನುವುದು ಕಾಸಿನ ಪ್ರಶ್ನೆಯಲ್ಲ.

ಈಗ ಚಿತ್ರಕ್ಕೆ ಬರೋಣ. ಪುಣೆಗೆ ದುಡಿಯಲು, ಓದಲು ಬಂದಿರುವ ಕನ್ನಡಿಗರಲ್ಲಿ ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯವರು ಬಹಳ. ಅಂಥವರೊಬ್ಬರು ಬರೆದ ಕಥೆಯಲ್ಲಿ ಮಾಳಿಗೆ ಮನೆ ಬರುತ್ತದೆ ಎಂದುಕೊಳ್ಳಿ. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಸಪಾಟಾದ ಮಣ್ಣಿನ ಮಾಳಿಗೆ, ಅದರ ನಡುವೆ ಬೆಳಕಿಂಡಿ, ಮಳೆನೀರು ಹೊರಗೆ ಬೀಳಲು ಗೋಡೆಯಿಂದಾಚೆ ಚಾಚಿದ ಕೊಳವೆ. ಬೇಸಿಗೆಯ ರಾತ್ರಿ ಮನೆಮಂದಿಯೆಲ್ಲ ಮಾಳಿಗೆಯ ಮೇಲೆ ಮಲಗುತ್ತಾರೆ, ಹಗಲಲ್ಲಿ ಅಲ್ಲೇ ಶಾಂಡಿಗೆ ಒಣಗುತ್ತದೆ. ಅಜ್ಜಿ ಇಳಕಲ್ ಸೀರೆ ಉಟ್ಟು ಜೋಳದ ರೊಟ್ಟಿ ಬಡಿಯುತ್ತಿದ್ದಾಳೆ. ಈ ವಿವರವನ್ನು ಉಚಿತ ಸಾಧನವೊಂದಕ್ಕೂ ಪ್ರೀಮಿಯಂ ಒಂದಕ್ಕೂ ಕೊಟ್ಟು ನೋಡುವ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು.

ಉಚಿತದಲ್ಲಿ ಸಾಮಾನ್ಯವಾಗಿ ಬರುವುದು ಇಳಿಜಾರು ಸೂರಿನ ಹಂಚಿನ ಮನೆ. ಅಂಥ ಮಾಳಿಗೆಯ ಮೇಲೆ ಮಲಗಿದವರು ಬೆಳಗಾಗುವುದರೊಳಗೆ ಅಂಗಳದಲ್ಲಿರುತ್ತಾರೆ. ರೊಟ್ಟಿ ಉಬ್ಬಿದ ಚಪಾತಿಯಾಗಿರುತ್ತದೆ. ಇಳಕಲ್ ಸೀರೆ ಜರಿ ತುಂಬಿದ ರೇಷ್ಮೆಯಾಗಿ, ಅಜ್ಜಿ ರೊಟ್ಟಿ ಬಡಿಯಲಿಕ್ಕಲ್ಲ, ಮದುವೆಗೆ ಹೊರಟಂತೆ ಕಾಣುತ್ತಾಳೆ. ಪ್ರೀಮಿಯಂನಲ್ಲಿ ಒಲೆಯ ಬೆಂಕಿ ಅಜ್ಜಿಯ ಬಳೆಯ ಮೇಲೆ ಹೊಳೆಯುತ್ತದೆ, ಹಿಟ್ಟಿನ ಧೂಳು ಗಾಳಿಯಲ್ಲಿ ತೇಲುತ್ತದೆ, ಐದು ಬೆರಳು ಐದೇ ಇರುತ್ತವೆ. ಆದರೆ ಮೊದಲ ಯತ್ನದಲ್ಲಿ ಮನೆ ಬಹುಪಾಲು ಅದೇ ಹಂಚಿನದು. ತಪ್ಪು ಹೋಗಿರುವುದಿಲ್ಲ, ಸುಂದರವಾಗಿರುತ್ತದೆ. ಸುಂದರವಾದ ತಪ್ಪು ಹೆಚ್ಚು ಅಪಾಯ. ಉಚಿತ ಸಾಧನದ ಆರು ಬೆರಳನ್ನು ಕಂಡು ನಗುವ ಓದುಗ, ಬಳೆಯ ಹೊಳಪನ್ನು ಕಂಡು ಮನೆಯನ್ನೂ ನಂಬಿಬಿಡುತ್ತಾನೆ.

ಹೀಗಾಗಲು ಕಾರಣ ತೀರಾ ಗೂಢವಲ್ಲ. ಈ ಯಂತ್ರಗಳು ಕಲಿಯುವುದು ಅಂತರ್ಜಾಲದ ಚಿತ್ರಗಳಿಂದ ಮತ್ತು ಅವುಗಳ ಜೊತೆಗಿರುವ ಪದಗಳಿಂದ. ಸಾರ್ವಜನಿಕವಾಗಿ ಬಿಡುಗಡೆಯಾದ ದೊಡ್ಡ ಸಂಗ್ರಹವಾದ ಲಯಾನ್-5ಬಿಯಲ್ಲಿ ಸುಮಾರು 585 ಕೋಟಿ ಚಿತ್ರ-ಪದ ಜೋಡಿಗಳಿದ್ದವು. ಅದರಲ್ಲಿ 230 ಕೋಟಿಗೂ ಹೆಚ್ಚು ಇಂಗ್ಲಿಷ್ ಒಂದರವೇ. 2022ರಲ್ಲಿ ಬಂದ ಸ್ಟೇಬಲ್ ಡಿಫ್ಯೂಷನ್ ಮುಖ್ಯವಾಗಿ ಕಲಿತದ್ದು ಆ ಇಂಗ್ಲಿಷ್ ಪಾಲಿನಿಂದ. ಮಾಳಿಗೆ ಮನೆ ಅಲ್ಲಿ ಇದ್ದರೂ ಅದರ ಪಕ್ಕದಲ್ಲಿ ಇರುವ ಪದ 'ಭಾರತದ ಹಳ್ಳಿ' ಎಂದೇ ಇರುತ್ತದೆ. ಆ ಎರಡು ಪದಗಳ ಕೆಳಗೆ ಕೇರಳವೂ ರಾಜಸ್ಥಾನವೂ ಪ್ರವಾಸದ ಜಾಹೀರಾತುಗಳೂ ಬಂದು ಸೇರುತ್ತವೆ. ಎಲ್ಲದರ ಸರಾಸರಿಯೇ ಕೊಡ ಹೊತ್ತ ನಮ್ಮ ಹೆಣ್ಣುಮಗಳು. ಚಂದಾ ಕಟ್ಟಿದರೆ ಈ ಸರಾಸರಿಗೆ ಹೊಳಪು ಬರುತ್ತದೆ, ವಿಳಾಸ ಬರುವುದಿಲ್ಲ.

ಅಗ್ಗದ ಚಿತ್ರ, ದುಬಾರಿ ಚಿತ್ರ ಎಂಬ ಈ ಜಗಳಕ್ಕೆ ಪುಣೆಯ ಹತ್ತಿರದಲ್ಲೇ ಒಂದು ಹಳೆಯ ಉದಾಹರಣೆ ಇದೆ. ಲೋಣಾವಳಕ್ಕೆ ಹೋಗುವ ಲೋಕಲ್ ರೈಲಿನಲ್ಲಿ ಕಾರ್ಲಾ, ಭಾಜೆ ಗುಹೆಗಳಿಗೆಂದು ನಾವು ಇಳಿಯುವ ಮಳವಲಿ ನಿಲ್ದಾಣ ಗೊತ್ತಲ್ಲ? ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ತೆರೆದ ಮುದ್ರಣಾಲಯ ಕೆಲವೇ ವರ್ಷಗಳಲ್ಲಿ ಈ ಮಳವಲಿಯ ಬಳಿಗೆ ಬಂತು. ಮುಂದೆ ಅದನ್ನು ಜರ್ಮನಿಯ ಫ್ರಿಟ್ಸ್ ಶ್ಲೈಷರ್ ಕೊಂಡರು. ಅರಮನೆಗಳಲ್ಲಿ ಮಾತ್ರ ಇದ್ದ ಲಕ್ಷ್ಮಿ ಸರಸ್ವತಿಯರು ಕಲ್ಲಚ್ಚಿನಲ್ಲಿ ಮೂಡಿ ದೇಶದ ಗೋಡೆಗೋಡೆಗೆ ಹೋದದ್ದು ಈ ಮುದ್ರಣಾಲಯದಿಂದ. ದೇವಸ್ಥಾನದ ಬಾಗಿಲು ತೆರೆಯದಿದ್ದ ಜನರ ಮನೆಗೂ ದೇವರ ಪಟ ಬಂತು. ಆದ್ದರಿಂದ ಅಗ್ಗದ ಚಿತ್ರವೆಂದು ಮೂಗು ಮುರಿಯುವ ಮೊದಲು ನಾವು ಎರಡು ಸಲ ಯೋಚಿಸಬೇಕು. ಕೈಯಲ್ಲಿ ಕಾಸಿಲ್ಲದ ಪತ್ರಿಕೆಗೆ, ಕವನ ಸಂಕಲನಕ್ಕೆ ಮುಖಪುಟ ಹುಡುಕುವ ವಿದ್ಯಾರ್ಥಿಗೆ ಉಚಿತ ಸಾಧನ ಇಂಥದೇ ಒಂದು ಕಲ್ಲಚ್ಚು.

ಆದರೆ ಅದೇ ಪಟಗಳು ಇನ್ನೊಂದು ಕೆಲಸವನ್ನೂ ಮಾಡಿದವು. ರವಿವರ್ಮನ ಹಲವು ಚಿತ್ರಗಳಲ್ಲಿ ಪುರಾಣದ ಹೆಣ್ಣುಗಳು ಉಟ್ಟಿರುವುದು ಮರಾಠಿ ಶೈಲಿಯ ಸೀರೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಮೂಲ ತೈಲಚಿತ್ರಗಳನ್ನು ನೋಡಿ, ಆಮೇಲೆ ಹಳೆ ಮನೆಯೊಂದರ ಗೋಡೆಯ ಪಟ ನೋಡಿ. ಬಣ್ಣದ ಆಳ ಬೇರೆ, ನಯ ಬೇರೆ, ಆದರೆ ಕಣ್ಣು ಒಂದೇ. ಒಬ್ಬನ ಕಲ್ಪನೆ ಎಲ್ಲರ ನೆನಪಾಯಿತು, ಊರೂರಿನ ದೇವತೆಗಳ ಮುಖ ಹಿಂದೆ ಸರಿಯಿತು. ಬೇಸಿಕ್‌ಗೂ ಪ್ರೀಮಿಯಂಗೂ ಇರುವ ವ್ಯತ್ಯಾಸ ಪಟಕ್ಕೂ ತೈಲಚಿತ್ರಕ್ಕೂ ಇದ್ದಂಥದು, ನಯದ್ದು. ಇಬ್ಬರು ಕಲಾವಿದರ ನಡುವಿನ ವ್ಯತ್ಯಾಸ ಅಲ್ಲ. ರವಿವರ್ಮನಾದರೂ ಒಬ್ಬ ಮನುಷ್ಯ, ಅವನ ಆಯ್ಕೆಗೆ ಹೆಸರಿತ್ತು, ಜಗಳ ಮಾಡಲು ಎದುರಿಗೆ ಯಾರೋ ಇದ್ದರು. ಸರಾಸರಿಯ ಜೊತೆ ಜಗಳ ಮಾಡುವುದು ಹೇಗೆ?

ಪುಣೆಯಲ್ಲೇ ಇನ್ನೊಂದು ಉದಾಹರಣೆ ಬಾಲೆವಾಡಿಯಲ್ಲಿದೆ. ಮೈಸೂರಿನಲ್ಲಿ ಹುಟ್ಟಿ, ಕೊನೆಯ ವರ್ಷಗಳನ್ನು ಈ ಊರಿನಲ್ಲಿ ಕಳೆದು 2015ರಲ್ಲಿ ಇಲ್ಲೇ ತೀರಿಕೊಂಡ ಆರ್.ಕೆ. ಲಕ್ಷ್ಮಣ್ ಅವರ ಚಿತ್ರಗಳ ಸಂಗ್ರಹಾಲಯ ಅಲ್ಲಿದೆ. ಮುಂಬೈಯ ಜೆ.ಜೆ. ಕಲಾಶಾಲೆ ಅವರಿಗೆ ಪ್ರವೇಶ ನಿರಾಕರಿಸಿತ್ತು. ಕೈಯಲ್ಲಿದ್ದದ್ದು ಕುಂಚ, ಕಪ್ಪು ಶಾಯಿ. ಸಾಧನ ಇದಕ್ಕಿಂತ ಬೇಸಿಕ್ ಆಗಲು ಸಾಧ್ಯವಿಲ್ಲ. ಅಣ್ಣ ನಾರಾಯಣ್ ಕಟ್ಟಿದ ಮಾಲ್ಗುಡಿ ಎಂಬ ಇಲ್ಲದ ಊರಿಗೆ ಅವರು ಗೆರೆ ಎಳೆದರು. ಮುಂದೆ ಶಂಕರ್ ನಾಗ್ ಆಗುಂಬೆಯಲ್ಲಿ ಧಾರಾವಾಹಿ ಮಾಡಿದಾಗಲೂ ಆ ಗೆರೆಗಳು ಜೊತೆಗೆ ಬಂದವು. ಆ ಚಿತ್ರಗಳಲ್ಲಿ ಎಷ್ಟು ಜಾಗ ಖಾಲಿ ಇದೆ ನೋಡಿ. ಒಂದು ಜಗಲಿ, ಒಂದು ಕಂಬ, ಒಬ್ಬ ಹುಡುಗ, ಉಳಿದದ್ದು ಓದುಗನ ಪಾಲಿಗೆ. ಕಥೆಯ ಚಿತ್ರ ಮಾಡಬೇಕಾದ ಕೆಲಸ ಅದೇ. ಯಂತ್ರಕ್ಕೆ ಖಾಲಿ ಜಾಗ ಕಂಡರೆ ತಡೆಯಲಾಗದು. ಮೂಲೆಯಲ್ಲೊಂದು ದೀಪ, ಆಕಾಶದಲ್ಲೊಂದು ಹಕ್ಕಿಯ ಸಾಲು, ಮೇಲೆ ಸಂಜೆಯ ಬಣ್ಣ. ಕಥೆ ಹೇಳದೆ ಬಿಟ್ಟದ್ದನ್ನೆಲ್ಲ ಚಿತ್ರ ಹೇಳಿ ಮುಗಿಸುತ್ತದೆ.

ಹಾಗಾದರೆ ಪ್ರೀಮಿಯಂ ಬೇಡವೇ? ಅಷ್ಟು ಸುಲಭಕ್ಕೆ ತಳ್ಳಿಹಾಕುವಂತೆಯೂ ಇಲ್ಲ. ದುಡ್ಡಿಗೆ ನಿಜವಾಗಿ ಸಿಗುವ ವಸ್ತು ಒಂದಿದೆ, ತಿದ್ದುವ ಅವಕಾಶ. ಊರಿನ ಮನೆಯ ಫೋಟೋ ಕೊಟ್ಟು, ಸೂರು ಸಪಾಟಾಗಲಿ, ರೊಟ್ಟಿ ತೆಳುವಾಗಲಿ, ಸೆರಗು ಕೆಂಪಾಗಲಿ, ಸಂಜೆಯ ಬದಲು ಉರಿಬಿಸಿಲಿರಲಿ ಎಂದು ಒಂದೊಂದಾಗಿ ಹೇಳುತ್ತ ಹೋದರೆ ಏಳೆಂಟನೇ ಯತ್ನಕ್ಕೆ ಮಾಳಿಗೆ ಮನೆಯಂಥದೊಂದು ಬರುತ್ತದೆ. ಉಚಿತದಲ್ಲಿ ಅಷ್ಟು ಹೊತ್ತಿಗೆ ದಿನದ ಮಿತಿ ಮುಗಿದಿರುವುದೇ ಹೆಚ್ಚು. ಆದರೆ ಆ ಏಳೆಂಟು ತಿದ್ದುಪಡಿ ಬಂದದ್ದು ಎಲ್ಲಿಂದ? ಮಾಳಿಗೆಯ ಮೇಲೆ ಮಲಗಿದವರ ತಲೆಯಿಂದ. ತಪ್ಪು ಯಾವುದೆಂದು ಗೊತ್ತಿದ್ದವನಿಗೆ ಮಾತ್ರ ತಿದ್ದುವ ಅವಕಾಶಕ್ಕೆ ಬೆಲೆ. ಗೊತ್ತಿಲ್ಲದವನು 1,999 ಕೊಟ್ಟರೂ ಮೊದಲ ಚಿತ್ರಕ್ಕೇ ತೃಪ್ತಿಪಡುತ್ತಾನೆ. ಆಯ್ಕೆಯ ಮೊದಲ ಪ್ರಶ್ನೆ ಜೇಬಿನದಲ್ಲ: ಈ ಚಿತ್ರವನ್ನು ತಿದ್ದಬಲ್ಲವರು ನಮ್ಮ ಬಳಗದಲ್ಲಿ ಇದ್ದಾರೆಯೇ?

ಅಕ್ಷರದ ವಿಷಯ ಬೇಗ ಮುಗಿಸಬಹುದು. ಫೋನಿನಲ್ಲಿ ನಾವು ಟೈಪ್ ಮಾಡಿದಾಗ ಒತ್ತಕ್ಷರವನ್ನು ಸರಿಯಾಗಿ ಕೂರಿಸುವುದು ಫಾಂಟು. ಚಿತ್ರದ ಯಂತ್ರ ಅಕ್ಷರವನ್ನೂ ಚಿತ್ರವೆಂದೇ ಬರೆಯುತ್ತದೆ. ಅದಕ್ಕೇ 'ಸ್ತ್ರೀ' ಬರೆಯುವಾಗ ಎಡವುತ್ತದೆ. ಹೊಸ ಪ್ರೀಮಿಯಂ ಸಾಧನಗಳು ಮೊದಲಿಗಿಂತ ಎಷ್ಟೋ ವಾಸಿ, ಆದರೂ ಪ್ರತಿ ಅಕ್ಷರ ನೋಡದೆ ಬಿಡುವಂತಿಲ್ಲ. ಚಿತ್ರವನ್ನು ಅಕ್ಷರವಿಲ್ಲದೆ ಮಾಡಿಸಿ, ಹೆಸರನ್ನು ಬಾಲೂ ತಮ್ಮ, ತಿರೋ ಕನ್ನಡ, ಅಕಾಯ ಕನ್ನಡಕದಂಥ ಫಾಂಟಿನಲ್ಲಿ ಬೇರೆಯಾಗಿ ಕೂರಿಸಿದರೆ ತೊಂದರೆಯೇ ಇಲ್ಲ. ಈ ಫಾಂಟುಗಳು ಉಚಿತ. ಅಕ್ಷರಕ್ಕೆಂದು ಚಂದಾ ಕಟ್ಟುವ ಅಗತ್ಯ ಇಲ್ಲ.

ಉಳಿದಂತೆ ನನ್ನ ಅಭಿಪ್ರಾಯ ಹೀಗೆ. ಪ್ರಬಂಧಕ್ಕೆ, ಅಂಕಣಕ್ಕೆ, ಕಾರ್ಯಕ್ರಮದ ಪ್ರಕಟಣೆಗೆ ಉಚಿತವೇ ಧಾರಾಳ ಸಾಕು. ಊರು, ಮನೆ, ಮೈಕಟ್ಟು, ಉಡುಗೆ ಮುಖ್ಯವಾದ ಕಥೆಗೆ ಪ್ರೀಮಿಯಂ ಬಳಸುವುದಾದರೆ ಕಥೆಗಾರರೇ ಪಕ್ಕದಲ್ಲಿ ಕೂತು ತಿದ್ದಬೇಕು. ಬಹುಕಾಲ ಉಳಿಯುವ ಮುಖಪುಟಕ್ಕೆ, ವಿಶೇಷಾಂಕಕ್ಕೆ ಯಂತ್ರ ಬೇಡ. ತಿಂಗಳಿಗೆ 1,999ರಂತೆ ವರ್ಷಕ್ಕೆ 23,988 ರೂಪಾಯಿ. ಮೈಸೂರಿನ ಕಾವಾ, ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಓದುತ್ತಿರುವ ಹುಡುಗ ಹುಡುಗಿಯರಿಂದ ಆ ಹಣದಲ್ಲಿ ವರ್ಷವಿಡೀ ಕೆಲವಾದರೂ ರೇಖಾಚಿತ್ರಗಳನ್ನು ಬರೆಸಬಹುದು. ಅವರಲ್ಲಿ ಯಾರಿಗೋ ನಮ್ಮ ಊರಿನ ಬಿಸಿಲು ಗೊತ್ತಿರುತ್ತದೆ. ಯಾವ ದಾರಿ ಹಿಡಿದರೂ ಚಿತ್ರದ ಕೆಳಗೆ ಯಾರು ಬರೆದದ್ದು ಎಂದು ಹಾಕಬೇಕು. ಯಂತ್ರದ್ದಾದರೆ ಯಂತ್ರದ್ದೆಂದೇ ಇರಲಿ.

ಇಷ್ಟು ತಲೆಕೆಡಿಸಿಕೊಳ್ಳಲು ಒಂದು ಕಾರಣವಿದೆ. ಪುಣೆಯಲ್ಲಿ ಹುಟ್ಟಿ ಬೆಳೆಯುತ್ತಿರುವ ನಮ್ಮ ಮಕ್ಕಳಲ್ಲಿ ಹಲವರು ಕನ್ನಡವನ್ನು ಮಾತಾಡುತ್ತಾರೆ, ಓದುವುದಿಲ್ಲ. ಪತ್ರಿಕೆಯ ಪುಟ ತೆರೆದಾಗ ಅವರು ನೋಡುವುದು ಚಿತ್ರವನ್ನಷ್ಟೆ. ಅಪ್ಪನ ಊರು ಹೇಗಿತ್ತು ಎನ್ನುವುದಕ್ಕೆ ಅವರ ಬಳಿ ಇರುವ ಸಾಕ್ಷಿ ಅದೊಂದೇ. ಊರಲ್ಲೂ ಮಾಳಿಗೆ ಮನೆಗಳು ಬಿದ್ದು ಆರ್‌ಸಿಸಿ ಏಳುತ್ತಿದೆ. ಇನ್ನು ಕೆಲವು ವರ್ಷ ಕಳೆದರೆ, ಚಿತ್ರ ನೋಡಿ 'ಇದು ನಮ್ಮ ಮನೆಯಲ್ಲ' ಎಂದು ಹೇಳುವವರೇ ಇರುವುದಿಲ್ಲ. ಆಮೇಲೆ ಯಾವ ಪ್ರೀಮಿಯಂ ಸಾಧನವನ್ನೂ ತಿದ್ದಲು ಆಗದು.