‘ಆಲ್ ಪರ್ಪಸ್’ ಅಂದರೆ ಯಾರ ಪರ್ಪಸ್?

ಹೊಸದಾಗಿ ಮನೆ ಮಾಡಿದವರು ಒಳ್ಳೆ ಚಾಕು ಹುಡುಕಿದರೆ ಎರಡು ಜಪಾನಿ ಹೆಸರು ಎದುರಾಗುತ್ತವೆ: ನಕಿರಿ ಮತ್ತು ಸಾಂತೋಕು. ಮೊದಲನೆಯದು ತರಕಾರಿಗೆ, ಎರಡನೆಯದು ಎಲ್ಲದಕ್ಕೂ. ‘ಎಲ್ಲದಕ್ಕೂ’ ಅಂದಮೇಲೆ ಮುಗೀತು, ಕಾರ್ಟಿಗೆ ಹೋಗೋದು ಸಾಂತೋಕು. ನನ್ನ ತಕರಾರು ಆ ‘ಎಲ್ಲದಕ್ಕೂ’ ಮೇಲೆ.

ಸಾಂತೋಕು ಅಂದರೆ ಮೂರು ಗುಣ. ಮಾಂಸ, ಮೀನು, ತರಕಾರಿ ಮೂರಕ್ಕೂ ಆಗುತ್ತೆ ಅನ್ನೋದು ಸಾಮಾನ್ಯ ವಿವರಣೆ. 20ನೇ ಶತಮಾನದಲ್ಲಿ ಜಪಾನಿನ ಮನೆಯಡುಗೆ ಬದಲಾದಾಗ, ಹಳೆಯ ನಕಿರಿಗೆ ಪಾಶ್ಚಾತ್ಯ ಶೆಫ್ ಚಾಕುವಿನ ಗುಣ ಬೆರೆಸಿ ಮಾಡಿದ್ದು. ಅಲ್ಲಿನ ಅಡುಗೆಮನೆಗೆ ಅದು ಸರಿಯಾದ ಉತ್ತರ. ಆದರೆ ವಾರಪೂರ್ತಿ ಹುರುಳಿಕಾಯಿ, ಎಲೆಕೋಸು, ದಂಟಿನ ಸೊಪ್ಪು ಹೆಚ್ಚುವವರು ಮೂರರಲ್ಲಿ ಎರಡು ಗುಣಕ್ಕೆ ಸುಮ್ಮನೆ ದುಡ್ಡು ಕೊಟ್ಟ ಹಾಗೆ.

ನಕಿರಿಯ ಅಲಗು ತೆಳು, ಹೆಚ್ಚುಕಡಿಮೆ ನೇರ. ಒತ್ತಿದರೆ ಉದ್ದಕ್ಕೂ ಹಲಗೆ ಮುಟ್ಟುತ್ತೆ. ಬಾಗಿದ ಅಲಗಿನಲ್ಲಿ ಸೊಪ್ಪು ಪೂರ್ತಿ ತುಂಡಾಗದೆ ಸರದ ಹಾಗೆ ಅಂಟಿಕೊಂಡು ಉಳಿಯೋದು ಇದರಲ್ಲಿ ಕಡಿಮೆ. ಕೊರತೆಯೂ ಇದೆ. ಮೊನೆ ಇಲ್ಲ, ಹಾಗಾಗಿ ಟೊಮೆಟೊ ತೊಟ್ಟು ಕೆತ್ತೋದು ಕಿರಿಕಿರಿ. ಸಿಹಿಗುಂಬಳಕ್ಕೆ ಬಲ ಹಾಕಿ ತಿರುಚಿದರೆ ಅಲಗು ಮುಕ್ಕಾಗಬಹುದು.

ತಮಾಷೆ ಅಂದರೆ, ಅಲ್ಲಿ ಸಾಂತೋಕು ಕೂಡ ಅಷ್ಟೇ. ತೆಂಗಿನಕಾಯಿ ತುರಿಯೋದನ್ನಂತೂ ಕೇಳಲೇಬೇಡಿ. ನಮ್ಮೂರಿನ ಅಡುಗೆಗೆ ನಿಜವಾದ ಆಲ್ ಪರ್ಪಸ್ ಅಂದರೆ ಈಳಿಗೆಮಣೆ: ಸೊಪ್ಪು, ಕುಂಬಳ, ಎಣ್ಣೆ ಸವರಿದರೆ ಹಲಸು, ತುದಿಯಲ್ಲಿ ಕಾಯಿ ತುರಿ. ಅಲಗು ಅಲ್ಲಾಡಲ್ಲ, ಎರಡೂ ಕೈ ತರಕಾರಿಗೇ ಸಿಗುತ್ತವೆ. ಹಾಗಂತ ಅದನ್ನ ಹಾಡಿ ಹೊಗಳೋದೂ ಬೇಡ, ದಿನಾ ನೆಲದಲ್ಲಿ ಕೂತು ಹೆಚ್ಚಿದ ಅಮ್ಮಂದಿರ ಮಂಡಿ ಬೇರೆ ಕಥೆ ಹೇಳುತ್ತೆ. ಕಟ್ಟೆ ಮೇಲೆ ನಿಂತು ಅಡುಗೆ ಮಾಡೋ ನಮಗೆ ಚಾಕುವೇ ಸರಿ.

ನನ್ನ ತೀರ್ಪು ಇಷ್ಟು. ಮನೆಯಲ್ಲಿ ಕೋಳಿ, ಮೀನು ಆಗಾಗ ಆಗುತ್ತೆ, ಒಂದೇ ಚಾಕು ಸಾಕು ಅನ್ನೋರು ಸಾಂತೋಕು ತಗೊಳ್ಳಿ. ಪಲ್ಯ, ಹುಳಿ, ಕೋಸಂಬರಿಯ ಮನೆಯಾದರೆ ನಕಿರಿ, ಜೊತೆಗೆ ಮೊನೆ ಇರೋ ಒಂದು ಅಗ್ಗದ ಪುಟ್ಟ ಚಾಕು. ಯಾವುದೇ ಆದರೂ ಮರದ ಹಲಗೆ ಮತ್ತು 1000 ಗ್ರಿಟ್‌ನ ಸಾಣೆಕಲ್ಲಿಗೆ ದುಡ್ಡು ಉಳಿಸಿಕೊಳ್ಳಿ. ಆಫೀಸಿಂದ ಸುಸ್ತಾಗಿ ಬಂದ ರಾತ್ರಿ, ಹೆಚ್ಚೋ ಕೆಲಸ ಹತ್ತು ನಿಮಿಷದಲ್ಲಿ ಮುಗಿಯುತ್ತೆ ಅಂದರೆ ಒಲೆ ಹಚ್ಚುತ್ತೀವಿ. ಮೊಂಡು ಚಾಕು ಆದರೆ ಫೋನ್ ತೆಗೆದು ಊಟ ಆರ್ಡರ್ ಮಾಡ್ತೀವಿ.