ಎತ್ತು, ಕತ್ತೆ, ಆಳು

‘ಎಲ್ಲ ಧರ್ಮಗಳೂ ಹೇಳುವುದು ಒಂದನ್ನೇ. ಕದಿಯಬೇಡ, ಕೊಲ್ಲಬೇಡ, ಸುಳ್ಳು ಹೇಳಬೇಡ.’ ಶಾಲೆಯ ಪ್ರಾರ್ಥನೆಯಿಂದ ಹಿಡಿದು ಸರ್ವಧರ್ಮ ಸಮ್ಮೇಳನದ ವೇದಿಕೆಯವರೆಗೆ ನಾವು ಇದನ್ನು ಕೇಳುತ್ತಲೇ ಬಂದಿದ್ದೇವೆ. ಸ್ವಾಮಿಗಳು, ಪಾದ್ರಿಗಳು, ಮೌಲ್ವಿಗಳು ಒಂದೇ ಸಾಲಿನಲ್ಲಿ ಕೂತು, ಹಾರ ಹಾಕಿಸಿಕೊಂಡು, ಈ ಮಾತು ಹೇಳಿ ಊಟ ಮಾಡಿ ಹೋಗುತ್ತಾರೆ. ಕೇಳೋದಕ್ಕೆ ಹಿತವಾಗಿದೆ. ಆದರೆ ಕೇರಿಯಿಂದ ಬಂದವರಿಗೆ ಒಂದು ಪ್ರಶ್ನೆ ಉಳಿದೇ ಉಳಿಯುತ್ತದೆ. ಈ ‘ಬೇಡ’ಗಳನ್ನು ಹೇಳುತ್ತಿರುವುದು ಯಾರಿಗೆ? ಏನೂ ಇಲ್ಲದವನಿಗೋ, ಎಲ್ಲ ಇರುವವನಿಗೋ?

ಕ್ರೈಸ್ತರ ಹತ್ತು ಆಜ್ಞೆಗಳನ್ನೇ ತಗೊಳ್ಳೋಣ. ಅವರಿಗಿಂತ ಮೊದಲು ಇವು ಯೆಹೂದ್ಯರವು. ಬೈಬಲ್ಲಿನಲ್ಲಿ ಎರಡು ಕಡೆ ಬರುತ್ತವೆ: ವಿಮೋಚನಕಾಂಡದ 20ನೇ ಅಧ್ಯಾಯದಲ್ಲಿ, ಧರ್ಮೋಪದೇಶಕಾಂಡದ 5ನೇ ಅಧ್ಯಾಯದಲ್ಲಿ. ನೆರೆಯವನ ಸ್ವತ್ತಿಗೆ ಆಸೆಪಡಬೇಡ ಅನ್ನುವುದು ಹತ್ತನೆಯದು. ಆ ಸ್ವತ್ತು ಏನೇನು ಅಂತ ಪಟ್ಟಿಯನ್ನೂ ಕೊಡುತ್ತದೆ. ಮನೆ, ಹೆಂಡತಿ, ಗಂಡಾಳು, ಹೆಣ್ಣಾಳು, ಎತ್ತು, ಕತ್ತೆ. (ಧರ್ಮೋಪದೇಶಕಾಂಡದಲ್ಲಿ ಹೆಂಡತಿಯನ್ನು ಮೊದಲಿಗೆ ತಂದು ಬೇರೆಯಾಗಿ ಹೇಳಿದ್ದಾರೆ, ಹೊಲವನ್ನು ಹೊಸದಾಗಿ ಸೇರಿಸಿದ್ದಾರೆ. ಅಷ್ಟರಮಟ್ಟಿಗೆ ಸುಧಾರಣೆ.) ಈಗ ಆ ಗಂಡಾಳಿನ ಜಾಗದಲ್ಲಿ ನಿಂತು ಇದನ್ನು ಓದಿ. ಆಜ್ಞೆ ಕೇಳಿಸಿಕೊಳ್ಳುತ್ತಿರುವವರ ನಡುವೆ ಅವನಿಲ್ಲ. ಅವನಿರುವುದು ಪಟ್ಟಿಯಲ್ಲಿ. ಒಂದು ಕಡೆ ಯಜಮಾನನ ಹೆಂಡತಿ, ಇನ್ನೊಂದು ಕಡೆ ಯಜಮಾನನ ಎತ್ತು. ‘ಆಳು’ ಅಂದಾಗ ಕನ್ನಡದ ಕಿವಿಗೆ ಕೂಲಿಯವನಂತೆ ಕೇಳಿಸುತ್ತದೆ. ಮೂಲದ ಹೀಬ್ರೂ ಪದಕ್ಕೆ ಗುಲಾಮ ಅನ್ನುವ ಅರ್ಥವೂ ಇದೆ.

ಇದು ನಮ್ಮ ಕೊಂಕು ಅಂತ ಯಾರಿಗಾದರೂ ಅನ್ನಿಸಿದರೆ ಒಂದು ಪುಟ ತಿರುವಲಿ. 20ನೇ ಅಧ್ಯಾಯದಲ್ಲಿ ಕೊಲ್ಲಬೇಡ ಅಂದ ಪುಸ್ತಕವೇ 21ನೇ ಅಧ್ಯಾಯವನ್ನು ಗುಲಾಮರ ಕಾನೂನಿನಿಂದ ಶುರು ಮಾಡುತ್ತದೆ. ತಮ್ಮವನೇ ಆದ ಇಬ್ರಿಯ ಗುಲಾಮ ಆರು ವರ್ಷ ದುಡಿದರೆ ಏಳನೇ ವರ್ಷ ಬಿಡುಗಡೆ. ಯಜಮಾನ ಕೋಲಿನಿಂದ ಹೊಡೆದು ಆಳು ಅಲ್ಲೇ ಸತ್ತರೆ ಯಜಮಾನನಿಗೆ ಶಿಕ್ಷೆ. ಒಂದೆರಡು ದಿನ ಜೀವ ಹಿಡಿದುಕೊಂಡರೆ ಶಿಕ್ಷೆಯಿಲ್ಲ. ಯಾಕಂದ್ರೆ ಅವನು ಯಜಮಾನನ ದುಡ್ಡು! ಜೀತದ ಮನೆಯ ಲೆಕ್ಕಪುಸ್ತಕ ನೋಡಿದವರಿಗೆ ಈ ಭಾಷೆ ಹೊಸದಲ್ಲ.

ಆದರೆ ಇಷ್ಟನ್ನೇ ಹೇಳಿ ಪುಸ್ತಕ ಮುಚ್ಚಿದರೆ ನಾವೂ ಮೋಸ ಮಾಡಿದಂತೆ. ಸಬ್ಬತ್ ದಿನ ಯಾರೂ ದುಡಿಯಬಾರದು ಅನ್ನುವ ಆಜ್ಞೆಯಲ್ಲಿ ಗಂಡಾಳು ಹೆಣ್ಣಾಳುಗಳಿಗೂ ಬಿಡುವಿದೆ, ದನಗಳಿಗೂ ಇದೆ. (ಹೆಂಡತಿಯ ಹೆಸರು ಮಾತ್ರ ಕಾಣುವುದಿಲ್ಲ.) ಬಿಡುವು ಯಾಕೆ ಅನ್ನುವುದಕ್ಕೆ ಎರಡು ಕಡೆ ಎರಡು ಕಾರಣ. ದೇವರು ಆರು ದಿನದಲ್ಲಿ ಲೋಕ ಮಾಡಿ ಏಳನೇ ದಿನ ದಣಿವಾರಿಸಿಕೊಂಡ ಅನ್ನುತ್ತದೆ ವಿಮೋಚನಕಾಂಡ. ಧರ್ಮೋಪದೇಶಕಾಂಡ ಆ ಕಾರಣವನ್ನು ಬಿಟ್ಟು, ನೀವೂ ಐಗುಪ್ತದಲ್ಲಿ ಗುಲಾಮರಾಗಿದ್ದಿರಿ, ಅದನ್ನು ನೆನಪಿಡಿ ಅನ್ನುತ್ತದೆ. ಮೊದಲನೆಯದು ದೇವರ ಮಾತು, ಎರಡನೆಯದು ಬೆನ್ನಿನ ಬಾಸುಂಡೆಯ ಮಾತು. ನಮಗೆ ಎರಡನೆಯದು ಬೇಕು.

ಈ ನೆನಪು ಎಷ್ಟು ಅಪಾಯದ್ದು ಅನ್ನುವುದು ಗುಲಾಮರನ್ನು ಇಟ್ಟುಕೊಂಡವರಿಗೆ ಚೆನ್ನಾಗಿಯೇ ಗೊತ್ತಿತ್ತು. 1807ರಲ್ಲಿ ಲಂಡನ್ನಿನಲ್ಲಿ ಒಂದು ಬೈಬಲ್ ಅಚ್ಚಾಯಿತು. ಕೆರಿಬಿಯನ್ ದ್ವೀಪಗಳಲ್ಲಿ ಬ್ರಿಟಿಷರ ಕಬ್ಬಿನ ತೋಟಗಳಲ್ಲಿ ದುಡಿಯುವ ಕರಿಯ ಗುಲಾಮರಿಗೆಂದೇ ಆರಿಸಿ ತೆಗೆದ ಭಾಗಗಳು ಅದರಲ್ಲಿದ್ದವು. ಇಸ್ರೇಲರು ಐಗುಪ್ತದಿಂದ ಬಿಡಿಸಿಕೊಂಡು ಹೊರಟ ಕತೆ ಅಲ್ಲಿಲ್ಲ. ಕ್ರಿಸ್ತನಲ್ಲಿ ದಾಸನೆಂದೂ ಸ್ವತಂತ್ರನೆಂದೂ ಭೇದವಿಲ್ಲ ಅಂತ ಪೌಲ ಗಲಾತ್ಯದವರಿಗೆ ಬರೆದ ಮಾತು ಇಲ್ಲ. ದಾಸರು ಒಡೆಯರಿಗೆ ವಿಧೇಯರಾಗಿರಬೇಕು ಅಂತ ಅದೇ ಪೌಲನ ಹೆಸರಿನಲ್ಲಿ ಎಫೆಸದವರಿಗೆ ಹೋದ ಮಾತು ಮಾತ್ರ ಉಳಿದುಕೊಂಡಿದೆ. ಕತ್ತರಿ ಹಿಡಿದ ಕೈಗೆ ಎಲ್ಲಿ ಕತ್ತರಿಸಬೇಕು ಅನ್ನುವುದು ಎಷ್ಟು ಸ್ಪಷ್ಟವಾಗಿತ್ತು ನೋಡಿ.

ಫ್ರೆಡ್ರಿಕ್ ಡಗ್ಲಾಸ್ ಅಮೆರಿಕದ ಮೇರಿಲ್ಯಾಂಡಿನಲ್ಲಿ ಗುಲಾಮನಾಗಿ ಹುಟ್ಟಿ, ತಪ್ಪಿಸಿಕೊಂಡು ಬಂದು, 1845ರಲ್ಲಿ ತನ್ನ ಕತೆ ಬರೆದವನು. ಅವನ ಯಜಮಾನ 1832ರಲ್ಲಿ ಮೆಥಡಿಸ್ಟರ ಸಭೆಗೆ ಹೋಗಿ ಭಕ್ತನಾಗಿ ಬಂದ. ಇನ್ನು ಸ್ವಲ್ಪ ಕರುಣೆ ಬರುತ್ತದೆ ಅಂತ ಡಗ್ಲಾಸ್ ಕಾದ. ಆದದ್ದು ಉಲ್ಟಾ. ಕೈ ಊನವಾದ ಒಬ್ಬ ಹೆಣ್ಣುಮಗಳನ್ನು ಕಟ್ಟಿಹಾಕಿ ರಕ್ತ ಬರುವಂತೆ ಹೊಡೆದು, ಒಡೆಯನ ಇಚ್ಛೆ ತಿಳಿದೂ ನಡೆಸದ ಆಳಿಗೆ ಹೆಚ್ಚು ಏಟು ಬೀಳುತ್ತದೆ ಅನ್ನುವ ವಾಕ್ಯವನ್ನು ಬೈಬಲ್ಲಿನಿಂದಲೇ ಹೇಳುತ್ತಿದ್ದನಂತೆ. ಮೊದಲು ಅವನ ಕ್ರೌರ್ಯಕ್ಕೆ ಅವನದೇ ಹೊಣೆಯಿತ್ತು. ಈಗ ಅದನ್ನೂ ದೇವರ ತಲೆಗೆ ಕಟ್ಟಿದ. ಕ್ರಿಸ್ತನ ಕ್ರೈಸ್ತಧರ್ಮ ಬೇರೆ, ಈ ನೆಲದ ಕ್ರೈಸ್ತಧರ್ಮ ಬೇರೆ ಅಂತ ಡಗ್ಲಾಸ್ ಪುಸ್ತಕದ ಕೊನೆಗೆ ಬರೆದ.

ಇದನ್ನು ಓದಿ ನಮ್ಮ ಪಂಡಿತರು ಖುಷಿಪಡುವುದು ಬೇಡ. ಮನುಸ್ಮೃತಿಯ 10ನೇ ಅಧ್ಯಾಯವೂ ಅಹಿಂಸೆ, ಸತ್ಯ, ಕದಿಯದಿರುವುದು, ಶುಚಿ, ಇಂದ್ರಿಯನಿಗ್ರಹ ನಾಲ್ಕೂ ವರ್ಣಗಳಿಗೆ ಸಮಾನ ಧರ್ಮ ಅನ್ನುತ್ತದೆ. ‘ಎಲ್ಲ ಧರ್ಮಗಳೂ ಒಂದೇ’ ಅನ್ನುವವರಿಗೆ ಇಷ್ಟು ಸಾಕು. ಈಗ 8ನೇ ಅಧ್ಯಾಯಕ್ಕೆ ಬನ್ನಿ. ಬ್ರಾಹ್ಮಣನನ್ನು ಬೈದ ಕ್ಷತ್ರಿಯನಿಗೆ 100 ಪಣ ದಂಡ, ಶೂದ್ರನಿಗೆ ದೇಹಶಿಕ್ಷೆ. ಬ್ರಾಹ್ಮಣ ಶೂದ್ರನನ್ನು ಬೈದರೆ 12 ಪಣ. ಅದೇ ಅಧ್ಯಾಯ ಮುಂದೆ ಹೋಗಿ, ಶೂದ್ರನ ಸ್ವತ್ತನ್ನು ಬ್ರಾಹ್ಮಣ ಅಳುಕಿಲ್ಲದೆ ತೆಗೆದುಕೊಳ್ಳಬಹುದು, ಶೂದ್ರನಿಗೆ ತನ್ನದು ಅನ್ನುವುದೇ ಇಲ್ಲ ಅನ್ನುತ್ತದೆ. ಕದಿಯಬೇಡ ಅನ್ನುವ ಮಾತು ಹಾಗೇ ಇದೆ. ಆದರೆ ಏನೂ ಇಲ್ಲದವನಿಂದ ಕದಿಯುವುದು ಹೇಗೆ ಸಾಧ್ಯ? ಇನ್ನು ಊರ ಹೊರಗಿನವರು ಆ ನಾಲ್ಕರ ಲೆಕ್ಕಕ್ಕೂ ಬಂದವರಲ್ಲ.

ಬಸವಣ್ಣನ ಏಳು ‘ಬೇಡ’ಗಳಲ್ಲಿ ಸ್ವತ್ತಿನ ಪಟ್ಟಿಯಿಲ್ಲ, ದಂಡದ ದರವಿಲ್ಲ. ಅದಕ್ಕೇ ಅವು ನಮಗೆ ಹತ್ತಿರ. ಆದರೆ ಅವನ್ನು ಬಾಯಿಪಾಠ ಮಾಡಿಸುವ ಈ ನಾಡಿನಲ್ಲೇ, ದಲಿತ ಹೆಂಗಸು ಬೇಯಿಸಿದ ಬಿಸಿಯೂಟ ಮುಟ್ಟಬೇಡ ಅಂತ ಮಕ್ಕಳಿಗೆ ಎಂಟನೆಯ ‘ಬೇಡ’ ಕಲಿಸುವ ಊರುಗಳಿವೆ. ಮೇಷ್ಟ್ರುಗಳಿಗೆ ಇದನ್ನು ನಾವು ಹೇಳಿಕೊಡಬೇಕಾಗಿಲ್ಲ.

ಇಂಥ ಊರುಗಳನ್ನು ಬಿಟ್ಟು ಚರ್ಚಿನ ಬಾಗಿಲಿಗೆ ಹೋದವರ ಕತೆಯೇನು? ತಿರುಚಿರಾಪಳ್ಳಿಯ ಮೇಲಪುದೂರಿನ ಕ್ಯಾಥೊಲಿಕ್ ಸ್ಮಶಾನದಲ್ಲಿ ದಲಿತರ ಗೋರಿಗಳನ್ನು ಬೇರೆ ಮಾಡಲು ಗೋಡೆ ಎಬ್ಬಿಸಿದ್ದರು. ಕ್ರೈಸ್ತರಲ್ಲಿ ಜಾತಿಯಿಲ್ಲ ಅಂತ ಸರ್ಕಾರ ಅವರಿಗೆ ಪರಿಶಿಷ್ಟ ಜಾತಿಯ ಸವಲತ್ತು ಕೊಡುವುದಿಲ್ಲ. 1950ರ ಆದೇಶಕ್ಕೆ 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು, ದಲಿತ ಕ್ರೈಸ್ತರನ್ನು ಸೇರಿಸಲಿಲ್ಲ. ಜಾತಿಯಿಲ್ಲ ಅನ್ನುತ್ತದೆ ಕಾಗದ, ಇದೆ ಅನ್ನುತ್ತದೆ ಗೋಡೆ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಶೂದ್ರರ ದೇವಶಾಸ್ತ್ರ ಬೇಕು ಅಂತ ಎದ್ದು ಮಾತಾಡಿದ್ದು ಈ ಸಿಟ್ಟಿನಿಂದಲೇ. ದಲಿತ ದೇವಶಾಸ್ತ್ರ ಬೆಳೆದದ್ದು ಅಲ್ಲಿಂದ ಮುಂದೆ.

ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಮನುಸ್ಮೃತಿ ಸುಟ್ಟದ್ದು ಎಲ್ಲರಿಗೂ ಗೊತ್ತು. 1936ರ ‘ಜಾತಿವಿನಾಶ’ದಲ್ಲಿ ಅವರು ಕಟ್ಟಳೆ ಬೇರೆ, ತತ್ವ ಬೇರೆ ಅಂದದ್ದನ್ನು ನಾವು ಸಾಕಷ್ಟು ಓದಿಲ್ಲ. ಕಟ್ಟಳೆ ಹೀಗೆ ಮಾಡು ಅನ್ನುತ್ತದೆ. ತತ್ವ ನಿನ್ನ ಬುದ್ಧಿಯಿಂದ ತೂಗಿ ನೋಡು ಅನ್ನುತ್ತದೆ, ಮಾಡಿದ್ದಕ್ಕೆ ನಿನ್ನನ್ನೇ ಹೊಣೆ ಮಾಡುತ್ತದೆ. 1956ರ ಅಕ್ಟೋಬರಿನಲ್ಲಿ ನಾಗಪುರದಲ್ಲಿ ಅವರು ಕೊಟ್ಟ 22 ಪ್ರತಿಜ್ಞೆಗಳನ್ನು ಈ ಕಣ್ಣಿನಿಂದ ನೋಡಿ. ಅಲ್ಲಿ ಯಾರೂ ಬೆಟ್ಟದ ಮೇಲಿಂದ ‘ನೀನು’ ಅನ್ನುವುದಿಲ್ಲ. ಗಂಡಸರೂ ಹೆಂಗಸರೂ ‘ನಾನು’ ಅನ್ನುತ್ತಾರೆ. ಕದಿಯುವುದಿಲ್ಲ ಅನ್ನುವುದು ಹದಿನಾಲ್ಕನೆಯದು. ಮನುಷ್ಯರೆಲ್ಲ ಸಮಾನರು ಅನ್ನುವುದು ಒಂಬತ್ತನೆಯದು, ಸಮಾನತೆ ತರಲು ದುಡಿಯುತ್ತೇನೆ ಅನ್ನುವುದು ಹತ್ತನೆಯದು. ನೆರೆಯವ ಯಾರು ಅನ್ನುವುದನ್ನು ಇತ್ಯರ್ಥ ಮಾಡಿದ ಮೇಲೆ ನೆರೆಯವನ ಸ್ವತ್ತಿನ ಮಾತು. ಈ ಕ್ರಮ ಆಕಸ್ಮಿಕ ಅಂತ ನಮಗನ್ನಿಸುವುದಿಲ್ಲ.

ಹಾಗಂತ ಬೌದ್ಧರಾದ ಕೂಡಲೇ ಎಲ್ಲ ತೊಳೆದುಹೋಯಿತು ಅನ್ನುವ ಗೆಳೆಯರಿಗೂ ಒಂದು ಮಾತಿದೆ. ಶ್ರೀಲಂಕಾದಲ್ಲಿ 1753ರಲ್ಲಿ ಶುರುವಾದ ಸಿಯಾಮ್ ನಿಕಾಯ ಸ್ವಲ್ಪ ಕಾಲದಲ್ಲೇ ಗೊಯಿಗಮ ಅನ್ನುವ ಮೇಲುಜಾತಿಯವರಿಗೆ ಮಾತ್ರ ಪೂರ್ಣ ಭಿಕ್ಷು ದೀಕ್ಷೆ ಅಂತ ಬಾಗಿಲು ಹಾಕಿತು. ಬೇರೆ ಜಾತಿಯವರು 1800ರ ಹೊತ್ತಿಗೆ ಹಡಗು ಹತ್ತಿ ಬರ್ಮಾಕ್ಕೆ ಹೋಗಿ, ಅಲ್ಲಿ ದೀಕ್ಷೆ ಪಡೆದು ಬಂದು, ಅಮರಪುರ ನಿಕಾಯ ಕಟ್ಟಬೇಕಾಯಿತು. ಬಾಗಿಲು ಹಾಕಿದವರು ಪಂಚಶೀಲವನ್ನೇನೂ ಬಿಟ್ಟವರಲ್ಲ. ವಿಹಾರಕ್ಕೆ ಬಂದವರಿಗೆಲ್ಲ ಅದನ್ನು ಹೇಳಿಕೊಡುತ್ತಲೇ ಇದ್ದರು.