ಲೆಕ್ಕ ಏರಿಸುವ ಅಭಿಮಾನ, ಬೀದಿಗಿಳಿದ ಅಭಿಮಾನ

2020ರ ಜೂನ್ 20ರಂದು ಅಮೆರಿಕದ ಒಕ್ಲಹೋಮಾ ರಾಜ್ಯದ ಟಲ್ಸಾ ನಗರದಲ್ಲಿ ಡೊನಾಲ್ಡ್ ಟ್ರಂಪ್ ಅವರ ಚುನಾವಣಾ ಸಭೆ ನಡೆಯಿತು. ಟಿಕೆಟ್ ಕೋರಿ ಹತ್ತು ಲಕ್ಷಕ್ಕೂ ಹೆಚ್ಚು ಮನವಿಗಳು ಬಂದಿವೆ ಎಂದು ಅವರ ಪ್ರಚಾರ ಪಡೆ ಮುಂಚೆಯೇ ಹೇಳಿಕೊಂಡು ತಿರುಗಿತ್ತು. ಸುಮಾರು 19,000 ಜನ ಹಿಡಿಸುವ ಒಳಾಂಗಣದಲ್ಲಿ ಅಂದು ಅಗ್ನಿಶಾಮಕ ಇಲಾಖೆಯವರು ಲೆಕ್ಕ ಹಾಕಿದ್ದು 6,200ರ ಆಸುಪಾಸು. ಒಳಗೆ ಜಾಗ ಸಿಗದವರಿಗೆಂದು ಹೊರಗೆ ಕಟ್ಟಿದ್ದ ವೇದಿಕೆಯನ್ನು ಭಾಷಣವೇ ಆಗದೆ ಬಿಚ್ಚಿದರು. ಟಿಕ್‌ಟಾಕ್‌ನ ಹುಡುಗ ಹುಡುಗಿಯರೂ ಕೊರಿಯನ್ ಪಾಪ್ ಸಂಗೀತದ ಅಭಿಮಾನಿಗಳೂ ಹೋಗುವ ಇರಾದೆಯಿಲ್ಲದೆ ಹೆಸರು ನೋಂದಾಯಿಸಿ ಈ ಪೇಚು ತಂದಿಟ್ಟರು ಎಂಬ ಸುದ್ದಿ ಬೇಗ ಹಬ್ಬಿತು. ಅಂದಿನಿಂದ ಕೆ-ಪಾಪ್ ಅಭಿಮಾನಿಗಳ ರಾಜಕೀಯ ಬಲದ ಮಾತು ಬಂದಾಗಲೆಲ್ಲ ಟಲ್ಸಾವನ್ನೇ ಮೊದಲ ಸಾಕ್ಷಿಯಾಗಿ ನಿಲ್ಲಿಸುತ್ತಾರೆ. ನನಗೆ ಅದು ಇರುವ ಸಾಕ್ಷಿಗಳಲ್ಲೆಲ್ಲ ದುರ್ಬಲವಾದದ್ದಾಗಿ ಕಾಣುತ್ತದೆ. ಆ ಸಭೆಗೆ ನೋಂದಣಿಯ ಮಿತಿ ಇರಲಿಲ್ಲ, ಮೊದಲು ಬಂದವರಿಗೆ ಮೊದಲು ಜಾಗ. ಹಾಗಾಗಿ ಸುಳ್ಳು ನೋಂದಣಿಯಿಂದ ಟ್ರಂಪ್ ಬೆಂಬಲಿಗರ ಒಂದು ಕುರ್ಚಿಯೂ ಕಡಿಮೆಯಾಗಲಿಲ್ಲ. ಜೊತೆಗೆ ಅದು ಕೊರೊನಾ ಕಾಲ. ಸಭೆಗೆ ಸಿದ್ಧತೆ ನಡೆಸಿದ್ದವರಲ್ಲೇ ಆರು ಮಂದಿಗೆ ಸೋಂಕು ತಗುಲಿತ್ತು. ಅಭಿಮಾನಿಗಳು ಮಾಡಿದ್ದು ಎದುರಾಳಿಯ ಅಂಕಿಯನ್ನು ಉಬ್ಬಿಸಿದ್ದಷ್ಟೆ. ಉಬ್ಬಿದ ಅಂಕಿಯ ಪಕ್ಕದಲ್ಲಿ ನಿಜವಾದ ಹಾಜರಿ ನಗೆಪಾಟಲಾಯಿತು. ಚುರುಕಾದ ಕೀಟಲೆ, ನಿಜ. ಅದರಿಂದ ಯಾರ ಮನಸ್ಸೂ ಬದಲಾಗಲಿಲ್ಲ, ಯಾರ ಮತವೂ ಕದಲಲಿಲ್ಲ.

ಇಂಥ ಕೀಟಲೆ ಅವರಿಗೆ ಇಷ್ಟು ಸಲೀಸಾಗಿ ಏಕೆ ಕೈಗೂಡಿತು ಎಂಬುದನ್ನು ತಿಳಿಯಲು ಅವರ ದಿನನಿತ್ಯದ ಕೆಲಸವನ್ನು ಹತ್ತಿರದಿಂದ ನೋಡಬೇಕು. ಒಂದು ತಂಡದ ಹೊಸ ಹಾಡು ಬರುವ ವಾರವನ್ನು ಅವರು ‘ಕಮ್‌ಬ್ಯಾಕ್’ ಎನ್ನುತ್ತಾರೆ. ಆ ವಾರ ಅಭಿಮಾನಿ ಖಾತೆಗಳಲ್ಲಿ ಹರಿದಾಡುವ ಸೂಚನೆಗಳು ಪರೀಕ್ಷಾ ಕೊಠಡಿಯ ನಿಯಮಗಳಿಗಿಂತ ಬಿಗಿ. ಒಂದೇ ಹಾಡನ್ನು ಲೂಪಿಗೆ ಹಾಕಬೇಡಿ, ಯಂತ್ರ ಕೇಳುತ್ತಿದೆ ಎಂದು ಆ ಕೇಳ್ವಿಕೆಯನ್ನು ಲೆಕ್ಕದಿಂದ ತೆಗೆದುಬಿಡುತ್ತಾರೆ. ನಡುನಡುವೆ ಬೇರೆ ಹಾಡು ಸೇರಿಸಿ. ದನಿಯನ್ನು ಪೂರ್ತಿ ಇಳಿಸಬೇಡಿ. ಹ್ಯಾಶ್‌ಟ್ಯಾಗನ್ನು ನಿಗದಿಯಾದ ಗಂಟೆಗೆ ಮುಂಚೆ ಬಳಸಬೇಡಿ, ಬಳಸಿದರೆ ಟ್ರೆಂಡಿನ ಏರಿಕೆ ಸಪ್ಪೆಯಾಗುತ್ತದೆ. ಸೋಲ್, ಜಕಾರ್ತಾ, ದೆಹಲಿ, ಸಾವೊ ಪಾಲೊ ಊರುಗಳ ಸಮಯಗಳನ್ನು ಪಕ್ಕಪಕ್ಕ ಬರೆದ ಪಟ್ಟಿ ಬೇರೆ. ದುಡ್ಡಿಲ್ಲದವರ ಪರವಾಗಿ ಹಾಡು ಕೊಳ್ಳಲು ಚಂದಾ ಎತ್ತುವವರು ಒಂದು ಕಡೆ, ಕೊರಿಯನ್ ಭಾಷೆಯ ಮಾತನ್ನು ನಿಮಿಷಗಳಲ್ಲಿ ಅನುವಾದಿಸಿ ಹಂಚುವವರು ಇನ್ನೊಂದು ಕಡೆ. ಸಂಬಳವಿಲ್ಲದ, ಮೇಸ್ತ್ರಿಯಿಲ್ಲದ ಈ ದುಡಿಮೆಯ ಗುರಿ ಒಂದೇ, ಯಾವುದೋ ಪಟ್ಟಿಯಲ್ಲಿ ಯಾವುದೋ ಅಂಕಿ ಏರಬೇಕು. ಅಂಕಿ ಏರಿದಾಗ ಲಾಭ ಕಂಪನಿಗೆ, ಹೆಮ್ಮೆ ಇವರಿಗೆ.

ಇಂಥವರು ರಾಜಕೀಯಕ್ಕೆ ಕಾಲಿಟ್ಟಾಗ ಮೊದಲು ಹೊರತೆಗೆದದ್ದು ಇದೇ ಹತಾರವನ್ನು. 2020ರ ಮೇ 31ರಂದು, ಜಾರ್ಜ್ ಫ್ಲಾಯ್ಡ್ ಹತ್ಯೆಯ ವಿರುದ್ಧದ ಪ್ರತಿಭಟನೆಗಳ ನಡುವೆ, ಡಲ್ಲಾಸ್ ಪೊಲೀಸರು ಪ್ರತಿಭಟನಕಾರರ ಅಕ್ರಮಗಳ ವಿಡಿಯೊಗಳನ್ನು ತಮ್ಮ ಆ್ಯಪ್‌ಗೆ ಕಳಿಸಿ ಎಂದು ಸಾರ್ವಜನಿಕರನ್ನು ಕೇಳಿದರು. ಅಭಿಮಾನಿಗಳು ತಮ್ಮ ನೆಚ್ಚಿನ ಕಲಾವಿದರು ಕುಣಿಯುವ ತುಣುಕುಗಳನ್ನು ರಾಶಿ ರಾಶಿ ಸುರಿದರು. ತಾಂತ್ರಿಕ ತೊಂದರೆ ಎಂದು ಹೇಳಿ ಆ್ಯಪ್ ಬಾಗಿಲು ಹಾಕಿತು. ಕೆಲವೇ ದಿನಗಳಲ್ಲಿ ಜನಾಂಗದ್ವೇಷದ ಹ್ಯಾಶ್‌ಟ್ಯಾಗ್‌ಗಳಿಗೂ ಇದೇ ಗತಿ ಕಾಣಿಸಿದರು. ಅದೇ ಜೂನ್‌ನಲ್ಲಿ ಕೊರಿಯದ ಬಿಟಿಎಸ್ ತಂಡವೂ ಅದರ ಸಂಸ್ಥೆಯೂ ಸೇರಿ ಕಪ್ಪು ಜನರ ಹೋರಾಟಕ್ಕೆ ಹತ್ತು ಲಕ್ಷ ಡಾಲರ್ ಕೊಟ್ಟಿರುವುದು ಹೊರಬಿತ್ತು. ‘ಆರ್ಮಿ’ ಎಂದು ಕರೆದುಕೊಳ್ಳುವ ಆ ತಂಡದ ಅಭಿಮಾನಿಗಳು ಒಂದು ದಿನದ ಆಸುಪಾಸಿನಲ್ಲಿ ಅಷ್ಟೇ ಹಣವನ್ನು ಚಿಲ್ಲರೆ ಚಿಲ್ಲರೆಯಾಗಿ ಕೂಡಿಸಿದರು. ಈ ಮೂರರಲ್ಲಿ ಕೊನೆಯದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ, ಅದರ ವೇಗಕ್ಕಾಗಿ ಅಲ್ಲ. ಆ ಹಣ ಒಟ್ಟುಮಾಡಿದ ‘ಒನ್ ಇನ್ ಆನ್ ಆರ್ಮಿ’ ಎಂಬ ಕೂಟ 2018ರಿಂದಲೂ ಸಣ್ಣ ಸಣ್ಣ ಸೇವಾಸಂಸ್ಥೆಗಳನ್ನು ಆರಿಸಿ ಪುಡಿಗಾಸಿನ ದೇಣಿಗೆ ಎತ್ತುತ್ತಾ ಬಂದಿತ್ತು. ಸದ್ದಿಲ್ಲದ ಆ ರೂಢಿ ಇಲ್ಲದಿದ್ದರೆ ಸದ್ದಾದ ಆ ಒಂದು ದಿನವೂ ಇರುತ್ತಿರಲಿಲ್ಲ.

ಹತಾರಕ್ಕೆ ಪಕ್ಷವಿಲ್ಲ ಎಂಬುದನ್ನು ಅಭಿಮಾನಿಗಳನ್ನು ಹೊಗಳುವ ಲೇಖನಗಳು ಸಾಮಾನ್ಯವಾಗಿ ಹೇಳದೆ ದಾಟುತ್ತವೆ. 2019ರಲ್ಲಿ ಹಾಂಗ್‌ಕಾಂಗ್‌ನ ಪ್ರಜಾಪ್ರಭುತ್ವ ಚಳವಳಿ ಬಿರುಸಾಗಿದ್ದಾಗ ಚೀನಾದ ಪಾಪ್ ಅಭಿಮಾನಿ ಹುಡುಗಿಯರು ಸರ್ಕಾರದ ಅಂತರ್ಜಾಲ ಬೇಲಿ ಹಾರಿ ವಿದೇಶಿ ಜಾಲತಾಣಗಳಿಗೆ ಬಂದು ಚಳವಳಿಗಾರರ ಮೇಲೆ ಮುಗಿಬಿದ್ದರು. ದೇಶವನ್ನೇ ಒಬ್ಬ ಪಾಪ್ ತಾರೆಯಂತೆ ಕಲ್ಪಿಸಿಕೊಂಡು, ಅದಕ್ಕೆ ಅಣ್ಣ ಎಂಬ ಸಲುಗೆಯ ಹೆಸರಿಟ್ಟು, ಹೊಸ ಹಾಡಿನ ವಾರದಲ್ಲಿ ಮಾಡುವುದನ್ನೆಲ್ಲ ಮಾಡಿದರು: ಒಂದೇ ಬಗೆಯ ಒಕ್ಕಣೆ, ನಿಗದಿಯಾದ ಗಂಟೆ, ಸಾಲು ಸಾಲು ಪ್ರತಿಕ್ರಿಯೆ. ಸರ್ಕಾರಿ ಮಾಧ್ಯಮ ಬೆನ್ನು ತಟ್ಟಿತು. ಆದರೆ 2021ರ ಮೇ ತಿಂಗಳಲ್ಲಿ ಒಂದು ಟಿವಿ ಸ್ಪರ್ಧೆಯಲ್ಲಿ ತಮ್ಮ ತಾರೆಗೆ ಮತ ಹಾಕಲು ಹಾಲಿನ ಬಾಟಲಿಯ ಮುಚ್ಚಳದೊಳಗಿನ ಸಂಕೇತ ಬೇಕೆಂದು ಬಾಟಲಿಗಟ್ಟಲೆ ಹಾಲು ಕೊಂಡು ಮೋರಿಗೆ ಸುರಿಸಿದ ದೃಶ್ಯ ಹೊರಬಿದ್ದಾಗ ಅದೇ ಪ್ರಭುತ್ವ ಹುಬ್ಬು ಗಂಟಿಕ್ಕಿತು. ಸ್ಪರ್ಧೆ ನಿಂತಿತು, ಆಗಸ್ಟ್‌ನಲ್ಲಿ ತಾರೆಗಳ ಶ್ರೇಯಾಂಕ ಪಟ್ಟಿಗಳಿಗೇ ನಿಷೇಧ ಬಂತು. ಟ್ರಂಪ್ ಅವರನ್ನು ಪೇಚಿಗೆ ಸಿಕ್ಕಿಸಿದ ಕೈಚಳಕವೂ ಹಾಂಗ್‌ಕಾಂಗ್‌ನ ವಿದ್ಯಾರ್ಥಿಗಳನ್ನು ಹಣಿದ ಕೈಚಳಕವೂ ಒಂದೇ ಗರಡಿಯದು. ಮೊದಲನೆಯದನ್ನು ಮೆಚ್ಚಿ ಎರಡನೆಯದಕ್ಕೆ ಕಣ್ಣು ಮುಚ್ಚುವವರು ಅಭಿಮಾನವನ್ನಲ್ಲ, ತಮ್ಮ ಪಕ್ಷವನ್ನು ಮೆಚ್ಚುತ್ತಿದ್ದಾರೆ.

ಪರಿಚಯವಿಲ್ಲದವರ ಮನವೊಲಿಸಬೇಕಾದ ಕಡೆ ಈ ಕೈಚಳಕ ಸೋಲುತ್ತದೆ. 2022ರ ಫಿಲಿಪ್ಪೀನ್ಸ್ ಅಧ್ಯಕ್ಷ ಚುನಾವಣೆಯಲ್ಲಿ ಅಲ್ಲಿನ ಕೆ-ಪಾಪ್ ಅಭಿಮಾನಿಗಳು ಲೆನಿ ರೊಬ್ರೆಡೊ ಪರ ಬಳಗ ಕಟ್ಟಿ ದುಡಿದರು. ಗುಲಾಬಿ ಬಣ್ಣದ ಆ ಪ್ರಚಾರದ ಹುರುಪಿಗೆ ಸಾಟಿ ಇರಲಿಲ್ಲ. ಆದರೆ ಎದುರಾಳಿ ಮಾರ್ಕೋಸ್ ಜೂನಿಯರ್ ಪಡೆದ ಮತ 3.1 ಕೋಟಿಗೂ ಹೆಚ್ಚು, ರೊಬ್ರೆಡೊಗೆ ಬಿದ್ದದ್ದು ಸುಮಾರು 1.5 ಕೋಟಿ. 2024ರ ಸೆಪ್ಟೆಂಬರ್‌ನಲ್ಲಿ ಗಾಯಕಿ ಟೇಲರ್ ಸ್ವಿಫ್ಟ್ ಅಮೆರಿಕದ ಅಧ್ಯಕ್ಷ ಅಭ್ಯರ್ಥಿ ಕಮಲಾ ಹ್ಯಾರಿಸ್‌ಗೆ ಬೆಂಬಲ ಸಾರಿದ ಮರುದಿನದೊಳಗೆ ಆಕೆ ಕೊಟ್ಟ ಕೊಂಡಿಯಿಂದ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಸರ್ಕಾರದ ಮತದಾರರ ಮಾಹಿತಿ ತಾಣಕ್ಕೆ ಹೋದರು. ನವೆಂಬರ್‌ನಲ್ಲಿ ಹ್ಯಾರಿಸ್ ಸೋತರು. ಅಭಿಮಾನಿಗಳಿಂದಲೇ ಸೋತರೆಂದು ಯಾರೂ ಹೇಳಲಾರರು, ಆದರೆ ಕೊಂಡಿ ಒತ್ತುವವರ ಸಂಖ್ಯೆಗೂ ನಾಡಿನ ಒಲವಿಗೂ ನಡುವೆ ಎಷ್ಟು ಅಂತರವಿದೆ ಎಂಬುದಂತೂ ಕಾಣುತ್ತದೆ. ಕನ್ನಡಿಗರಿಗೆ ಇಲ್ಲಿ ಗೋಕಾಕ್ ಚಳವಳಿ ನೆನಪಾಗದಿರದು. 1982ರಲ್ಲಿ ಶಾಲೆಗಳಲ್ಲಿ ಕನ್ನಡಕ್ಕೆ ಅಗ್ರಸ್ಥಾನ ಬೇಕೆಂದು ಸಾಹಿತಿಗಳ ವಲಯದಲ್ಲಿ ಸುತ್ತುತ್ತಿದ್ದ ಬೇಡಿಕೆ ಡಾ. ರಾಜ್‌ಕುಮಾರ್ ಊರೂರು ತಿರುಗಿದ ಮೇಲೆ ಸಂತೆ ಮೈದಾನದ ಮಾತಾಯಿತು. ಅವರ ಅಭಿಮಾನಿ ಸಂಘಗಳು ಹಳ್ಳಿ ಹೋಬಳಿಗಳವರೆಗೆ ಬೇರುಬಿಟ್ಟಿದ್ದುದರಿಂದಲೇ ಅದು ಸಾಧ್ಯವಾದದ್ದು. ಅಲ್ಲಿ ಮುಂದೆ ನಡೆದವರು ತಾರೆ. ಕೊರಿಯದ ತಾರೆಗಳ ಬಾಯಿಗೋ ಕಂಪನಿಯ ಕರಾರಿನ ಬೀಗ. ಅವರ ಅಭಿಮಾನಿಗಳು ದಾರಿಯನ್ನು ತಾವೇ ಹುಡುಕಿಕೊಳ್ಳಬೇಕು.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪಕ್ಕೆ ಉತ್ತರಿಸಲೇಬೇಕು. ಪಾಪ್ ಅಭಿಮಾನಿಗಳಲ್ಲಿ ಹೆಚ್ಚಿನವರು ಎಳೆಯ ಹೆಣ್ಣುಮಕ್ಕಳು. ಅವರು ಮಾಡಿದ್ದನ್ನೆಲ್ಲ ಕೀಟಲೆ, ಅಂಕಿಯಾಟ ಎಂದು ತಳ್ಳಿಹಾಕುವುದು ಹಳೆಯ ಗಂಡಸುತನದ ಹೊಸ ವೇಷವಲ್ಲವೇ? ಈ ಗುಮಾನಿ ಆಧಾರವಿಲ್ಲದ್ದಲ್ಲ. ಕ್ರಿಕೆಟ್ ನೋಡಿ ಗಂಟಲು ಹರಿದುಕೊಳ್ಳುವ ಗಂಡಸಿಗೆ ಯಾರೂ ಹುಚ್ಚು ಹಿಡಿದಿದೆ ಎನ್ನುವುದಿಲ್ಲ. ಚಿಲಿಯಲ್ಲಿ 2019ರಲ್ಲಿ ಮೆಟ್ರೊ ದರ 30 ಪೆಸೊ ಏರಿದ ನೆಪದಲ್ಲಿ ದೇಶವೇ ಸಿಡಿದೆದ್ದಾಗ ಸರ್ಕಾರ ಸಿದ್ಧಪಡಿಸಿಕೊಂಡ ವರದಿಯೊಂದು ಚಳವಳಿಗೆ ಒತ್ತಾಸೆ ಕೊಟ್ಟವರ ಸಾಲಿನಲ್ಲಿ ಕೆ-ಪಾಪ್ ಅಭಿಮಾನಿಗಳನ್ನೂ ಸೇರಿಸಿತ್ತು. ಊರೆಲ್ಲ ನಕ್ಕಿತು. ಆ ನಗೆಯಲ್ಲಿ ಸರ್ಕಾರದ ಪೆದ್ದುತನದ ಪಾಲು ದೊಡ್ಡದು, ಹುಡುಗಿಯರ ಬಗೆಗಿನ ತಾತ್ಸಾರದ ಪಾಲೂ ಇತ್ತು. ಆದರೆ ತಾತ್ಸಾರಕ್ಕೆ ಮದ್ದು ಹೊಗಳಿಕೆಯಲ್ಲ. ಪೀಳಿಗೆಯನ್ನು ರಕ್ಷಿಸಲು ಬಂದ ಸೈನ್ಯ ಎಂಬಂತೆ ಬರೆಯುವುದೂ ಆ ಹುಡುಗಿಯರನ್ನು ಗೊಂಬೆಗಳಾಗಿಸುತ್ತದೆ. ಗೌರವವೆಂದರೆ ಅವರು ಮಾಡಿದ ಕೆಲಸಗಳಲ್ಲಿ ಗಟ್ಟಿ ಯಾವುದು, ಜೊಳ್ಳು ಯಾವುದು ಎಂದು ಬೇರೆ ಯಾವುದೇ ರಾಜಕೀಯ ಕೂಟವನ್ನು ತೂಗುವಂತೆಯೇ ತೂಗಿನೋಡುವುದು. ಹಾಗೆ ತೂಗಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಅಭಿಮಾನಿಗಳು ಕಂಪನಿಗಳು ಕಲಿಸಿದ ರೂಢಿಯನ್ನೇ ಮುಂದುವರಿಸಿದಾಗ ರಾಜಕೀಯ ತೆಳುವಾಗಿದೆ. ಆ ರೂಢಿಗೆ ತಿರುಗಿ ನಿಂತಾಗ ದಪ್ಪವಾಗಿದೆ.

ಥಾಯ್ಲೆಂಡನ್ನೇ ನೋಡಿ. ಅಲ್ಲಿ ತಾರೆಯ ಹುಟ್ಟುಹಬ್ಬ ಬಂದರೆ ಅಭಿಮಾನಿಗಳು ಚಂದಾ ಎತ್ತಿ ಬ್ಯಾಂಕಾಕಿನ ಸ್ಕೈಟ್ರೇನ್, ಮೆಟ್ರೊ ನಿಲ್ದಾಣಗಳ ದುಬಾರಿ ಜಾಹೀರಾತು ಫಲಕಗಳನ್ನು ಹಿಡಿಯುತ್ತಿದ್ದರು. 2020ರ ಅಕ್ಟೋಬರ್‌ನಲ್ಲಿ ವಿದ್ಯಾರ್ಥಿಗಳು ಪ್ರಧಾನಿ ಪ್ರಯುತ್ ಅವರ ಸರ್ಕಾರದ ವಿರುದ್ಧ ಬೀದಿಗಿಳಿದರು. ಪೊಲೀಸರು ಜಲಫಿರಂಗಿ ಹಾರಿಸಿದರು; ಪ್ರತಿಭಟನೆಗೆ ಜನ ಸೇರದಂತೆ ರೈಲು ನಿಲ್ದಾಣಗಳನ್ನು ಮುಚ್ಚಿಸಿದರು. ಮನೆಗೆ ಹೋಗಲಾರದೆ ಸಿಕ್ಕಿಬಿದ್ದವರಲ್ಲಿ ಹದಿಹರೆಯದವರೂ ಇದ್ದರು. ಹೆಲ್ಮೆಟ್, ಮುಖಗವಸು, ಕಾನೂನು ನೆರವಿಗೆಂದು ಅಭಿಮಾನಿ ಬಳಗಗಳು ಹಣ ಕೂಡಿಸಿದ್ದು ಸರಿಯೇ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ನಮ್ಮ ಮಕ್ಕಳನ್ನು ನಡುಬೀದಿಯಲ್ಲಿ ಬಿಟ್ಟ ರೈಲಿಗೆ ನಮ್ಮ ಜಾಹೀರಾತಿನ ಕಾಸಿಲ್ಲ ಎಂದು ಒಂದಾದ ಮೇಲೊಂದು ಬಳಗ ಘೋಷಿಸಿತು. ಆ ಹಣ ಪ್ರವಾಸಿಗರಿಲ್ಲದೆ ಸೊರಗಿದ್ದ ಟುಕ್‌ಟುಕ್ ಚಾಲಕರ ಕಡೆಗೆ ಹರಿಯಿತು. ಆಟೊದ ಹಿಂಬದಿಯ ಪ್ಲಾಸ್ಟಿಕ್ ಬ್ಯಾನರಿನಲ್ಲಿ ಕೊರಿಯದ ಹುಡುಗನ ಮುಖ ನಗುತ್ತಿದ್ದರೆ, ಚಾಲಕನಿಗೆ ತಿಂಗಳಿಗೆ ಒಂದಿಷ್ಟು ಬಾಡಿಗೆ ಸೇರುತ್ತಿತ್ತು. ಇದರಿಂದ ಪ್ರಯುತ್ ಕೆಳಗಿಳಿಯಲಿಲ್ಲ, ಚಳವಳಿಯ ಎಷ್ಟೋ ಮಂದಿ ಜೈಲು ಸೇರಿದರು. ಹಾಗಾದರೆ ಇದೂ ಸೋಲೇ ತಾನೆ ಎಂದು ಕೇಳಬಹುದು. ಅಧಿಕಾರದ ಲೆಕ್ಕದಲ್ಲಿ ಸೋಲೇ. ಆದರೆ ತಾವು ಖರ್ಚು ಮಾಡುವ ಹಣ ಯಾರ ಕಿಸೆಗೆ ಹೋಗುತ್ತದೆ ಎಂದು ಒಂದು ಅಭಿಮಾನಿ ಬಳಗ ಕೇಳಿಕೊಂಡದ್ದು ಸಣ್ಣ ಮಾತಲ್ಲ. 2021ರಲ್ಲಿ ಶುರುವಾದ ‘ಕೆಪಾಪ್ ಫಾರ್ ಪ್ಲಾನೆಟ್’ ಕೂಟ ಇದೇ ಪ್ರಶ್ನೆಯನ್ನು ಮನರಂಜನಾ ಕಂಪನಿಗಳ ಬಾಗಿಲಿಗೇ ಒಯ್ದು, ಒಂದೇ ಆಲ್ಬಮ್ಮನ್ನು ಹತ್ತಾರು ಪ್ರತಿ ಕೊಳ್ಳುವಂತೆ ಮಾಡುವ ವ್ಯಾಪಾರದಿಂದ ಬೀಳುವ ಪ್ಲಾಸ್ಟಿಕ್ ರಾಶಿಯನ್ನು ತೋರಿಸಿತು. ಹ್ಯುಂಡೈ ಕಂಪನಿ ಇಂಡೊನೇಷ್ಯಾದಲ್ಲಿ ಕಲ್ಲಿದ್ದಲು ವಿದ್ಯುತ್ತಿನಿಂದ ತಯಾರಾಗುವ ಅಲ್ಯೂಮಿನಿಯಂ ಕೊಳ್ಳುವ ಒಪ್ಪಂದವನ್ನು 2023ರ ಕೊನೆಗೆ ಕೈಬಿಟ್ಟಾಗ ಅದರ ಹಿಂದೆ ಈ ಅಭಿಮಾನಿಗಳ ಒತ್ತಾಯವೂ ಇತ್ತು.

ದಕ್ಷಿಣ ಕೊರಿಯದಲ್ಲಿ ಅಧ್ಯಕ್ಷ ಯೂನ್ ಸುಕ್ ಯೋಲ್ 2024ರ ಡಿಸೆಂಬರ್ 3ರ ರಾತ್ರಿ ಸೇನಾಡಳಿತ ಹೇರಲು ಹೊರಟು ಕೆಲವೇ ತಾಸುಗಳಲ್ಲಿ ಹಿಮ್ಮೆಟ್ಟಿದ ಮೇಲೆ ಸಂಸತ್ತಿನ ಮುಂದೆ ನೆರೆದ ಜನರ ಕೈಯಲ್ಲಿ ಸಂಗೀತ ಕಛೇರಿಯ ಲೈಟ್‌ಸ್ಟಿಕ್‌ಗಳಿದ್ದವು. 2016ರಲ್ಲಿ ಪ್ರತಿಭಟನಕಾರರು ಹಿಡಿದಿದ್ದ ಮೇಣದಬತ್ತಿ ಗಾಳಿಗೆ ಆರಿಹೋಗುತ್ತದೆ ಎಂದು ಆಡಳಿತ ಪಕ್ಷದ ಸಂಸದನೊಬ್ಬ ಮೂದಲಿಸಿದ್ದನ್ನು ಜನ ಮರೆತಿರಲಿಲ್ಲ; ಬ್ಯಾಟರಿ ದೀಪಕ್ಕೆ ಗಾಳಿಯ ಹಂಗಿಲ್ಲ. ಗರ್ಲ್ಸ್ ಜನರೇಷನ್ ತಂಡದ 2007ರ ‘ಇಂಟು ದ ನ್ಯೂ ವರ್ಲ್ಡ್’ ಹಾಡು ಮೊಳಗಿತು. ಅದನ್ನು 2016ರಲ್ಲೇ ಇಹ್ವಾ ಮಹಿಳಾ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರು ಪೊಲೀಸರೆದುರು ಹಾಡಿ ಚಳವಳಿಯ ಹಾಡಾಗಿಸಿದ್ದರು. ಬರಲಾಗದವರು ಹತ್ತಿರದ ಕೆಫೆಗಳಿಗೆ ಮುಂಗಡ ಹಣ ಕಟ್ಟಿ, ಬಂದವರು ಯಾರೇ ಆಗಲಿ ಕಾಫಿ ಕುಡಿಯಲಿ ಎಂದರು. ಅವರು ನಾಗರಿಕರಾಗಿ ಬಂದರೇ ಹೊರತು ಅಭಿಮಾನಿಗಳಾಗಿ ಅಲ್ಲ ಎಂದು ವಾದಿಸಬಹುದು. ನಾಗರಿಕರಾಗಿಯೇ ಬಂದರು, ಒಪ್ಪೋಣ. ಅಭಿಮಾನ ಅವರಿಗೆ ಕೊಟ್ಟದ್ದು ಚಳಿಯಲ್ಲಿ ತಾಸುಗಟ್ಟಲೆ ಕಾಯುವ ಅಭ್ಯಾಸ, ಗುರುತಿಲ್ಲದವರೊಂದಿಗೆ ಹಂಚಿಕೊಳ್ಳುವ ಅಭ್ಯಾಸ, ಎಲ್ಲರಿಗೂ ಬಾಯಿಪಾಠವಾಗಿದ್ದ ಹಾಡು. ಇವು ಯಾವ ಅಂಕಿಯನ್ನೂ ಏರಿಸುವುದಿಲ್ಲ.

ಈ ಕಥೆಯ ಅತ್ಯುತ್ತಮ ಅಧ್ಯಾಯ ಹೊರದೇಶಗಳಲ್ಲಿ ಸುದ್ದಿಯಾದದ್ದು ಕಡಿಮೆ. ಡಿಸೆಂಬರ್ 21ರಂದು ತೆಂಕಣ ಸೀಮೆಯಿಂದ ಟ್ರ್ಯಾಕ್ಟರ್‌ಗಳಲ್ಲಿ ಬಂದ ರೈತರನ್ನು ಪೊಲೀಸರು ಸೋಲ್ ನಗರದ ಗಡಿಯಾದ ನಾಮ್ತೇರ್ಯೊಂಗ್‌ನಲ್ಲಿ ಬಸ್ಸು ಅಡ್ಡಹಾಕಿ ತಡೆದರು. ಸುದ್ದಿ ಫೋನುಗಳಲ್ಲಿ ಹರಿಯಿತು. ಲೈಟ್‌ಸ್ಟಿಕ್ ಹಿಡಿದ ಹುಡುಗಿಯರು ಮೆಟ್ರೊ ಹತ್ತಿ ಬಂದು ಹೆಪ್ಪುಗಟ್ಟುವ ಚಳಿಯಲ್ಲಿ ಇಡೀ ರಾತ್ರಿ ರೈತರ ಜೊತೆ ಕೂತರು. ಊಟ, ಕೈ ಬೆಚ್ಚಗಿಡುವ ಪೊಟ್ಟಣಗಳು ಡೆಲಿವರಿ ಹುಡುಗರ ಬೈಕುಗಳಲ್ಲಿ ಬಂದವು. ಅಕ್ಕಿಗೆ ನ್ಯಾಯವಾದ ಬೆಲೆ ಸಿಗುವಂತೆ ಸಂಸತ್ತು ಒಪ್ಪಿದ್ದ ಮಸೂದೆಯನ್ನು, ಮಹಾಭಿಯೋಗದಿಂದ ಯೂನ್ ಅಮಾನತಾದ ಮೇಲೆ ಬಂದ ಹಂಗಾಮಿ ಅಧ್ಯಕ್ಷರು ಎರಡು ದಿನ ಮುಂಚೆ ತಿರಸ್ಕರಿಸಿದ್ದರು. ಮೈಕು ಹಿಡಿದು ಬೆಳಗಿನವರೆಗೆ ಮಾತಾಡಿದ ಹುಡುಗಿಯರು ಅದನ್ನೂ ಹೇಳಿದರು, ತಮ್ಮ ಕೆಲಸ, ಬಾಡಿಗೆ, ಭಯಗಳನ್ನೂ ಹೇಳಿದರು. ಮರುದಿನ ಬಸ್ಸುಗಳು ಸರಿದವು, ಟ್ರ್ಯಾಕ್ಟರ್‌ಗಳು ಅಧ್ಯಕ್ಷರ ನಿವಾಸದತ್ತ ಹೊರಟವು. ಅಲ್ಲಿ ತಾರೆಯೂ ಇರಲಿಲ್ಲ, ಟ್ರೆಂಡಿನ ಗಡಿಯಾರವೂ ಇರಲಿಲ್ಲ. ಅಪರಿಚಿತರ ಸಂಕಟವೊಂದು ತಮ್ಮದೂ ಹೌದೆಂದು ಒಪ್ಪಿಕೊಂಡದ್ದು ಮಾತ್ರ ಇತ್ತು, ಟಲ್ಸಾದಲ್ಲಿ ಕಾಣದಿದ್ದದ್ದು ಅದೇ. 2025ರ ಏಪ್ರಿಲ್ 4ರಂದು ಸಂವಿಧಾನ ನ್ಯಾಯಾಲಯ ಯೂನ್ ಅವರನ್ನು ಪದಚ್ಯುತಗೊಳಿಸಿತು. ಜೂನ್ 3ರ ಚುನಾವಣೆಯಲ್ಲಿ ಲೀ ಜೇ ಮ್ಯುಂಗ್ ಗೆದ್ದರು. ಚೌಕಗಳನ್ನು ತುಂಬಿದ್ದ ಹೆಣ್ಣುಮಕ್ಕಳ ಬೇಡಿಕೆಗಳ ಬಗ್ಗೆ ದೊಡ್ಡ ಪಕ್ಷಗಳ ಪ್ರಚಾರದಲ್ಲಿ ಮಾತು ವಿರಳವಾಗಿತ್ತು, ಕಣದಲ್ಲಿದ್ದ ಅಧ್ಯಕ್ಷ ಅಭ್ಯರ್ಥಿಗಳಲ್ಲಿ ಒಬ್ಬ ಮಹಿಳೆಯೂ ಇರಲಿಲ್ಲ.